ಉತ್ತರಕ್ಕೆ ಮುಂಚಿನ ಉಸಿರು

"ನಾನೀಗ ಏನು ಹೇಳಿದೆ?"

ಕೇಳಿದವಳು ಕ್ಯಾಪ್ಟನ್ ಮೇದಿನಿ. ಕೇಳಿಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಹುಬ್ಬಳ್ಳಿಯ ನಿಲ್ದಾಣದಲ್ಲಿ ಸರಕು ಇಳಿಸುವ ಜಾಗಕ್ಕೆ ವಿಮಾನ ಬಂದು ನಿಂತು ಎರಡು ನಿಮಿಷವಾಗಿತ್ತು. ಎಂಜಿನ್ನುಗಳು ಆರಿದ್ದವು, ಪ್ರೊಪೆಲರುಗಳು ಮಾತ್ರ ಇನ್ನೂ ಸೋಮಾರಿಯಾಗಿ ಸುತ್ತುತ್ತಿದ್ದವು. ಬೆಳಗಿನ ಮಳೆ ಗಾಜಿನ ಮೇಲೆ ಓರೆಯಾಗಿ ಇಳಿಯುತ್ತಿತ್ತು. ಅವಳ ಬಲಕ್ಕಿದ್ದ ಸೀಟು ಖಾಲಿ. ಅದರ ಬೆಲ್ಟುಗಳನ್ನು ಅಡ್ಡಡ್ಡ ಬಿಗಿದು ಕಟ್ಟಿದ್ದರು, ಕಛೇರಿ ಮುಗಿದ ಮೇಲೆ ತಂಬೂರಿಗೆ ಗವಸು ಹಾಕಿಟ್ಟ ಹಾಗೆ.

ಸಂಗಾತಿಗೆ ಆ ಮಾತು ಕೇಳಿಸಿತ್ತು. ಆದರೆ ಹೆಸರು ಹಿಡಿದು ಕರೆಯದ ಮಾತಿಗೆ ಉತ್ತರ ಕೊಡಬಾರದೆಂದು ಅದಕ್ಕೆ ಕಲಿಸಿದ್ದರು.

ಸಂಗಾತಿ ಮನುಷ್ಯನಲ್ಲ. ಗೀಜಗ ವಿಮಾನ ಸಂಸ್ಥೆಯವರು ಎರಡನೆಯ ಪೈಲಟ್ಟಿನ ಬದಲಿಗೆ ಕೂರಿಸಬೇಕೆಂದಿದ್ದ ಯಂತ್ರ. ಕೂರಿಸುವುದೆಂದರೂ ಕೂರುವ ಮೈ ಅದಕ್ಕಿರಲಿಲ್ಲ. ಮುಂದಿನ ಫಲಕದೊಳಗೆ ಒಂದು ಪೆಟ್ಟಿಗೆ, ಪೈಲಟ್ಟಿನ ಕಿವಿಯಲ್ಲಿ ಒಂದು ದನಿ, ಅಷ್ಟೆ. ವಿಮಾನ ಏರುವ ಮುಂಚೆ, ಇಳಿಯುವ ಮುಂಚೆ ನೋಡಿಕೊಳ್ಳಬೇಕಾದ ಸಂಗತಿಗಳ ಚೆಕ್‌ಲಿಸ್ಟ್ ಒಂದಿರುತ್ತದೆ. ಹಿಂದಿನಿಂದಲೂ ಅದನ್ನು ಒಬ್ಬ ಪೈಲಟ್ ಓದುತ್ತಾನೆ, ಇನ್ನೊಬ್ಬ ನೋಡಿ ಉತ್ತರ ಕೊಡುತ್ತಾನೆ. ಚಕ್ರ? ಕೆಳಗಿದೆ, ಮೂರು ಹಸಿರು ದೀಪ. ಇಂಧನ? ಸಾಕಷ್ಟಿದೆ. ಈ ಸವಾಲು ಜವಾಬಿನಲ್ಲಿ ಒಬ್ಬನ ಮರೆವನ್ನು ಇನ್ನೊಬ್ಬನ ಎಚ್ಚರ ಕಾಯುತ್ತದೆ. ಈಗ ಓದುವವನ ಜಾಗಕ್ಕೆ ಸಂಗಾತಿ ಬಂದಿತ್ತು. ಅದಕ್ಕೆ ದಣಿವಿಲ್ಲ, ಒಂದು ಸಾಲೂ ತಪ್ಪುವುದಿಲ್ಲ, ಮೊದಲ ಸಲ ಓದಿದ ಹಾಗೆಯೇ ಸಾವಿರದ ಸಲವೂ ಓದುತ್ತದೆ.

ನೂರು ಹಾರಾಟಗಳ ಪರೀಕ್ಷೆ. ಪ್ರಯಾಣಿಕರಿಲ್ಲ, ಬರೀ ಸರಕು. ಮೈಸೂರಿನ ಮಲ್ಲಿಗೆ, ಅಂಚೆ ಚೀಲ, ಆಸ್ಪತ್ರೆಗಳಿಗೆ ಹೋಗುವ ರಕ್ತದ ಮಾದರಿ. ನೂರು ಮುಗಿದ ಮೇಲೆ ಪರೀಕ್ಷಕಿಯಾದ ಮೇದಿನಿ ಸಹಿ ಹಾಕಿದರೆ ಸಂಸ್ಥೆಯ ಇಪ್ಪತ್ತೆಂಟು ವಿಮಾನಗಳಲ್ಲೂ ಬಲಗಡೆಯ ಸೀಟನ್ನು ಕಳಚಿ, ಪ್ರಯಾಣಿಕರನ್ನು ಕೂರಿಸಿಕೊಂಡು ಒಬ್ಬರೇ ಪೈಲಟ್ ಹಾರಿಸುವುದೆಂದು ತೀರ್ಮಾನವಾಗಿತ್ತು. ಇವತ್ತಿನದು ತೊಂಬತ್ತನಾಲ್ಕನೆಯದು.

ನಡೆದದ್ದು ಇಷ್ಟು. ಮೋಡದೊಳಗೆ ಇಳಿಯುವಾಗ ಕೆಳಗಿನ ಟವರಿನವರು ಆ ಹೊತ್ತಿನ ಗಾಳಿಯ ಒತ್ತಡ ಹೇಳಿದರು: ಸಾವಿರದ ಮೂರು. ವಿಮಾನದ ಎತ್ತರಮಾಪಕ ಎತ್ತರವನ್ನು ಅಳೆಯುವುದು ಗಾಳಿಯ ಒತ್ತಡದಿಂದ. ಕೆಳಗಿನ ಒತ್ತಡವನ್ನು ಅದಕ್ಕೆ ಸರಿಯಾಗಿ ತಿಳಿಸದಿದ್ದರೆ ಅದು ಮುಖ ತಗ್ಗಿಸದೆ ಸುಳ್ಳು ಹೇಳುತ್ತದೆ. ಮೇದಿನಿ "ಸಾವಿರದ ಮೂರು" ಎಂದು ಟವರಿಗೆ ತಿರುಗಿ ಒಪ್ಪಿಸಿದಳು. ಆದರೆ ಹವಾಮಾಹಿತಿಯನ್ನು ಯಂತ್ರಗಳಿಗೆ ಕಳಿಸುವ ಒಂದು ಖಾಸಗಿ ಕಂಪನಿಯಿಂದ ಸಂಗಾತಿಗೆ ಬಂದ ಅಂಕಿ ಸಾವಿರದ ಹದಿಮೂರು. ಅಲ್ಲಿ ಯಾರದೋ ಬೆರಳು ಒಂದು ಅಂಕಿಯನ್ನು ತಪ್ಪಿಸಿತ್ತು. ಸಂಗಾತಿ ಅದನ್ನೇ ಮಾಪಕಕ್ಕೆ ಹೊಂದಿಸಿತು. ರೇಡಿಯೊದ ಗೊರಗೊರದೊಳಗಿನ ಮಾತು ಕೇಳುವುದು ಸಂಗಾತಿಯ ಕೆಲಸವಲ್ಲ, ಅದು ಮನುಷ್ಯರ ಪಾಲಿನದು. ಎರಡು ನಿಮಿಷದ ಮೇಲೆ ಅದು ಎಂದಿನ ದನಿಯಲ್ಲಿ "ಎತ್ತರಮಾಪಕ?" ಎಂದು ಕೇಳಿತು. ಮೇದಿನಿ ಎಂದಿನ ದನಿಯಲ್ಲಿ "ಸಾವಿರದ ಹದಿಮೂರು, ಸರಿಯಿದೆ" ಎಂದಳು.

ಮಾಪಕ, ಯಂತ್ರ, ಮನುಷ್ಯೆ, ಮೂವರೂ ಒಪ್ಪಿದ್ದರು. ಮೂವರೂ ತಪ್ಪಿದ್ದರು. ವಿಮಾನ ತಾನೆಣಿಸಿದ್ದಕ್ಕಿಂತ ಮುನ್ನೂರು ಅಡಿ ಕೆಳಗಿತ್ತು.

ಉಳಿಸಿದ್ದು ಒಂದು ಹಳೆಯ ಉಪಕರಣ. ಅದು ಗಾಳಿಯನ್ನು ನಂಬುವುದಿಲ್ಲ, ರೇಡಿಯೊ ಅಲೆಯನ್ನು ನೆಲಕ್ಕೆ ಎಸೆದು ಅಳೆಯುತ್ತದೆ. ಅದು "ನೆಲ, ನೆಲ" ಎಂದು ಕೂಗಿದಾಗ ಮೇದಿನಿಯ ಕೈ ತಾನಾಗಿ ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟಿತು. ಮೋಡದ ಅಂಚು ಹರಿದ ಆ ಒಂದು ಗಳಿಗೆಯಲ್ಲಿ ಗೋವಿನಜೋಳದ ಹೊಲ ಕಂಡಿತು. ಹೊಲದಲ್ಲಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಹೆಂಗಸೊಬ್ಬಳು ತಲೆಯೆತ್ತಿ ನೋಡಿದಳು. ಆ ಮುಖ ಕಾಣುವಷ್ಟು ನೆಲ ಹತ್ತಿರವಿತ್ತು. ಮೇಲೇರಿ, ಸುತ್ತಿ ಬಂದು, ಒತ್ತಡವನ್ನು ಟವರಿನವರಿಂದ ಮತ್ತೆ ಕೇಳಿ ಮಾಪಕ ಸರಿಪಡಿಸಿ, ಎರಡನೆಯ ಸಲ ಇಳಿದಳು.

ಪೆಟ್ಟಿಗೆ ಇಳಿಸುವ ಫಕೀರಪ್ಪ ಬಾಗಿಲು ತೆಗೆದು, ಇವತ್ತ ಎರಡು ಸರ್ತಿ ಸುತ್ತು ಹಾಕಿದ್ರಲ್ಲರಿ ಮೇಡಮ್ಮರ, ಊರು ನೋಡೂಣು ಅಂತ ಏನು, ಎಂದು ಕೇಳಿದ. ಅವಳು ನಗಲು ನೋಡಿದಳು. ಮಲ್ಲಿಗೆ ಬಾಡಿರಲಿಲ್ಲ.

ಮೈಸೂರಿನ ನಿಯಂತ್ರಣ ಕೊಠಡಿಯಿಂದ ಫೋನ್ ಬಂತು. ಅಲ್ಲಿ ಕೂತಿದ್ದವನು ಗ್ಲೆನ್ ಸಲ್ದಾನ. ಮೂರು ವರ್ಷ ಅವಳ ಬಲಕ್ಕೆ ಕೂತು ಹಾರಿದವನು. ಪರೀಕ್ಷೆ ಶುರುವಾದ ಮೇಲೆ ಅವನನ್ನು ಕೆಳಗಿಳಿಸಿ, ದೂರದಿಂದ ಪರದೆ ನೋಡುವ ಕೆಲಸಕ್ಕೆ ಹಾಕಿದ್ದರು.

"ಎಂತ ಆಯ್ತು ಮೇಡಂ? ಇಲ್ಲಿ ನನ್ನ ಸ್ಕ್ರೀನಲ್ಲಿ ಎಲ್ಲ ಹಸಿರೇ ಉಂಟು. ಒಂದು ಕೆಂಪು ಇಲ್ಲ. ಮತ್ತೆ ನೀವು ಮೇಲೆ ಹೋದದ್ದು ಯಾಕೆ?"

ಎಲ್ಲ ಹಸಿರು. ದಾಖಲೆಯಲ್ಲಿ ಅವಳ ಉತ್ತರ ಯಂತ್ರದ ಅಂಕಿಗೆ ಸರಿಹೊಂದಿತ್ತು. ಅವಳು ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುವಂತಿರಲಿಲ್ಲ. ಇನ್ನು ಆರು ಹಾರಾಟ, ಒಂದು ಸಹಿ.

ಮಾರನೆಯ ದಿನ ಬೆಳಿಗ್ಗೆ ಅವಳು ನೇರ ಕ್ಯಾಪ್ಟನ್ ಉತ್ತಯ್ಯನವರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಉತ್ತಯ್ಯ ಗೀಜಗದ ಹಾರಾಟ ವಿಭಾಗದ ಮುಖ್ಯಸ್ಥರು, ಮಡಿಕೇರಿಯವರು, ಇಪ್ಪತ್ತೆರಡು ವರ್ಷದ ಹಿಂದೆ ಅವಳಿಗೆ ವಿಮಾನ ಕಲಿಸಿದವರೂ ಅವರೇ. ಅವರು ಕೆಟ್ಟವರಲ್ಲ. ಬಲಗಡೆಯ ಸೀಟು ತೆಗೆಯಬೇಕೆಂಬುದಕ್ಕೆ ಅವರಲ್ಲಿ ಕಾರಣವಿತ್ತು. ಪೈಲಟ್‌ಗಳು ಸಿಗುತ್ತಿರಲಿಲ್ಲ. ಬೀದರಿಗೆ, ಬಳ್ಳಾರಿಗೆ ವಾರಕ್ಕೆರಡು ವಿಮಾನ ಹಾರಿಸುವುದೇ ಕಷ್ಟವಾಗಿತ್ತು. ಒಬ್ಬರೇ ಹಾರಿಸಬಹುದಾದರೆ ದಿನಕ್ಕೆರಡು. ಆಸ್ಪತ್ರೆಗೆ ಹೋಗಿಬರಲು ವಿಮಾನ ಬೇಕೆಂದು ಬೀದರಿನ ಮೂತ್ರಪಿಂಡದ ರೋಗಿಯೊಬ್ಬರು ಬರೆದ ಕಾಗದವನ್ನು ಅವರು ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದರು.

ಅವಳ ಮಾತು ಮುಗಿಯುವವರೆಗೂ ಅವರು ಕೇಳಿಸಿಕೊಂಡರು. ಆಮೇಲೆ, ವಿಮಾನ ಮೇಲೆ ಹೋಯಿತಲ್ಲ, ಅಂದರೆ ವ್ಯವಸ್ಥೆ ಕೆಲಸ ಮಾಡಿತು ಅಂತಲೇ ಅರ್ಥ ಎಂದರು. ಅಂಕಿ ಕಳಿಸುವ ಕಂಪನಿಗೆ ಎಚ್ಚರಿಕೆ ಕೊಡೋಣ, ಎರಡು ಕಡೆಯಿಂದ ಅಂಕಿ ತರಿಸೋಣ ಎಂದರು. ಮೇದಿನಿ ಅದಲ್ಲ ಸಾರ್ ಎಂದಳು. ಅಂಕಿಯನ್ನು ಸರಿಪಡಿಸಬಹುದು. ತನ್ನ ಕಿವಿಗೆ ಬಿದ್ದದ್ದೊಂದು, ಬಾಯಿಂದ ಬಂದದ್ದೊಂದು. ಎರಡರ ನಡುವೆ ತಾನು ಎಲ್ಲಿದ್ದೆ ಎಂಬುದು ತಿಳಿಯಬೇಕು.

"ನೋಡು ಮೇದಿನಿ," ಎಂದರು ಉತ್ತಯ್ಯ. "ತಪ್ಪು ಯಂತ್ರದ್ದಲ್ಲ ಅಂದ್ರೆ ನಿಂದು. ನೀನು ದಣಿದಿದ್ದೀಯ ಅಂತ ಬರೆದು ಡಾಕ್ಟ್ರ ಹತ್ರ ಕಳಿಸಬೇಕಾಗುತ್ತೆ. ಇನ್ನೊಬ್ಬರು ಬಂದು ಆರು ಹಾರಾಟ ಮುಗಿಸಿ ಸಹಿ ಹಾಕ್ತಾರೆ. ಎರಡು ವಾರ ಕೊಡ್ತೀನಿ. ಏನು ಮುರೀತು ಅಂತ ನನಗೆ ತೋರಿಸು."

ಏನು ಮುರಿದಿತ್ತೋ ಅದು ಅವಳಿಗೇ ತಿಳಿದಿರಲಿಲ್ಲ.

ಸರಸ್ವತಿಪುರಂನ ಅವಳ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಕಾವ್ಯವಾಚನ. ಅವಳು ಹುಟ್ಟುವ ಮುಂಚಿನಿಂದ ನಡೆದು ಬಂದದ್ದು. ಬಾಡಿಗೆ ಮನೆಗಳು ನಾಲ್ಕು ಬದಲಾದರೂ ವಾರ ತಪ್ಪಿರಲಿಲ್ಲ. ಅಂಚೆ ಇಲಾಖೆಯಿಂದ ನಿವೃತ್ತರಾದ ಅವಳ ತಂದೆ ರಂಗಶಾಮಯ್ಯ ವಾಚಿಸುವವರು. ನಿವೃತ್ತ ಹೆಡ್‌ಮಾಸ್ಟರ್ ಮರಿಗೌಡರು ಅರ್ಥ ಹೇಳುವವರು. ಕೇಳಲು ಎಂಟೋ ಹತ್ತೋ ಜನ. ಚಿಕ್ಕಂದಿನಲ್ಲಿ ಮೇದಿನಿ ಗೋಡೆಗೊರಗಿ ಕೂತು, ಪದ್ಯ ಅರ್ಥವಾಗದಿದ್ದರೂ ಅಪ್ಪನ ದನಿ ಏರಿ ಇಳಿಯುವುದನ್ನು ಕೇಳುತ್ತಿದ್ದಳು. ದೇವರೆಂದರೆ ಅವಳಿಗೆ ಇವತ್ತಿಗೂ ಕಣ್ಣಿಗೆ ಕಾಣುವ ರೂಪವಲ್ಲ, ಒಂದು ಷಟ್ಪದಿ ಮುಗಿದು ಇನ್ನೊಂದು ಶುರುವಾಗುವ ನಡುವಿನ ಮೌನ.

"ಏನು ಸ್ವಾಮಿ, ಗಂಟಲು ಇವತ್ತು ಕಾಫಿಗೆ ಮಾತ್ರನೋ, ಪದ್ಯಕ್ಕೂ ಇದೆಯೋ?" ಎಂದು ಮರಿಗೌಡರು ಎಂದಿನಂತೆ ಕೆಣಕಿದರು.

"ಮೇಷ್ಟ್ರು ತೂಕಡಿಸದೆ ಇದ್ರೆ ಇದೆ," ಎಂದರು ರಂಗಶಾಮಯ್ಯ. ವ್ಯಾಸಪೀಠದ ಮೇಲಿನ ಪುಸ್ತಕಕ್ಕೆ ನಮಸ್ಕರಿಸಿ, ಶ್ರುತಿಪೆಟ್ಟಿಗೆ ಒತ್ತಿದರು.

ಈ ಇಬ್ಬರ ನಡುವೆ ಒಂದು ಕಟ್ಟಳೆಯಿತ್ತು. ಪದ್ಯ ಮುಗಿದ ಮೇಲೆ ಮರಿಗೌಡರು ಅರ್ಥ ಹೇಳಬೇಕು. ಪದ್ಯದ ಮಾತನ್ನೇ ತಿರುಗಿ ಹೇಳಬಾರದು, ಅವತ್ತು ತಮಗೆ ಕಂಡದ್ದನ್ನು ತಮ್ಮ ಮಾತಿನಲ್ಲಿ ಹೇಳಬೇಕು. ಹಾಗೆ ಹೇಳದಿದ್ದರೆ ರಂಗಶಾಮಯ್ಯ ಮುಂದಿನ ಪದ್ಯ ಎತ್ತಿಕೊಳ್ಳುತ್ತಿರಲಿಲ್ಲ. ಜಗಳವಿಲ್ಲ, ಮಾತಿಲ್ಲ; ಶ್ರುತಿ ಹಿಡಿದು ಸುಮ್ಮನೆ ಕಾಯುತ್ತಿದ್ದರು. ಒಮ್ಮೆ ನಂಜನಗೂಡಿನಲ್ಲಿ ಮುನ್ನೂರು ಜನರ ಎದುರು ಐದು ನಿಮಿಷ ಕಾದಿದ್ದರು. ಅವತ್ತು ಮರಿಗೌಡರಿಗೆ ಅವಮಾನವಾಗಿ ಒಂದು ತಿಂಗಳು ಈ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಈಗ ಅವರೇ ಅದನ್ನು ಎಲ್ಲರಿಗೂ ಹೇಳಿಕೊಂಡು ನಗುತ್ತಿದ್ದರು.

ಜನ ಎದ್ದು ಹೋದ ಮೇಲೆ ಮೇದಿನಿ ಇಬ್ಬರಿಗೂ ಹುಬ್ಬಳ್ಳಿಯ ಸಂಗತಿ ಹೇಳಿದಳು. ಹೊಲದ ಹೆಂಗಸಿನ ಮುಖವನ್ನೂ ಬಿಡದೆ ಹೇಳಿದಳು. ಮರಿಗೌಡರು ಏನೋ ಸಮಾಧಾನ ಹೇಳಹೊರಟರು. ರಂಗಶಾಮಯ್ಯ ಅವರನ್ನು ಕೈಸನ್ನೆಯಲ್ಲಿ ತಡೆದು, ನೀವು ಓದೋ ಆ ಕಾಗದ ಇದ್ರೆ ಕೊಡಮ್ಮ ಎಂದರು.

ಅವಳ ಚೀಲದಲ್ಲಿ ಚೆಕ್‌ಲಿಸ್ಟಿನ ಕಾರ್ಡಿತ್ತು. ಅವರು ಅದನ್ನು ವ್ಯಾಸಪೀಠದ ಮೇಲಿಟ್ಟು ಕನ್ನಡಕ ಸರಿಮಾಡಿಕೊಂಡರು. ಪುಸ್ತಕಕ್ಕೆ ಮಾಡುವ ನಮಸ್ಕಾರ ಅದಕ್ಕೂ ಆಯಿತು. ಒಂದೊಂದೇ ಸಾಲು ಓದಿದರು. ಅವಳು ಕಣ್ಣು ಮುಚ್ಚಿ, ಕಾಕ್‌ಪಿಟ್ಟಿನಲ್ಲಿದ್ದೇನೆ ಎಂದುಕೊಂಡು ಉತ್ತರ ಕೊಟ್ಟಳು. ನಾಲ್ಕನೆಯ ಸಾಲಿನಲ್ಲಿ ಅವರು ನಿಂತರು. ಮತ್ತೆ ಮೊದಲಿಂದ ಓದಿದರು. ಮತ್ತೆ ಅಲ್ಲೇ ನಿಂತರು.

"ನನ್ನ ಮಾತು ಮುಗಿಯೋಕೆ ಮುಂಚೆನೇ ಉಸಿರು ತಗೊಂಡೆ ನೀನು," ಎಂದರು.

ಅವಳಿಗೆ ಅರ್ಥವಾಗಲಿಲ್ಲ.

"ನೋಡಿ ಹೇಳೋರು ಪ್ರಶ್ನೆ ಮುಗಿದ ಮೇಲೆ ನೋಡ್ತಾರೆ, ಆಮೇಲೆ ಉಸಿರು ತಗೋತಾರೆ, ಆಮೇಲೆ ಹೇಳ್ತಾರೆ. ಬಾಯಿಪಾಠ ಒಪ್ಪಿಸೋರಿಗೆ ನೋಡೋ ಕೆಲಸ ಇಲ್ಲವಲ್ಲ. ಮೊದಲೇ ಉಸಿರು ತುಂಬ್ಕೊಂಡು, ಎದುರಿನವನು ಯಾವಾಗ ನಿಲ್ಲಿಸ್ತಾನೋ ಅಂತ ಕಾಯ್ತಿರ್ತಾರೆ. ಈ ಮೇಷ್ಟ್ರು ನಂಜನಗೂಡಲ್ಲಿ ಹಾಗೇ ಮಾಡಿದ್ರು. ಅರ್ಥ ಸರಿಯಾಗೇ ಹೇಳಿದ್ರು. ಆದ್ರೆ ಅದು ಹೋದ ವಾರದ ಅರ್ಥ."

"ನಲವತ್ತು ವರ್ಷ ಆಯ್ತು, ಇವತ್ತು ಹೇಳ್ತಾನೆ ನೋಡು ಕಾರಣವ," ಎಂದು ಮರಿಗೌಡರು ಗೊಣಗಿದರು. ಆದರೆ ಅವರ ಮುಖ ಗಂಭೀರವಾಗಿತ್ತು.

ಸೋಮವಾರ ಮೇದಿನಿ ಪ್ರಯೋಗಾಲಯದ ಬಾಗಿಲು ತೆಗೆಯುವ ಮುಂಚೆಯೇ ಅಲ್ಲಿ ನಿಂತಿದ್ದಳು. ಸಂಗಾತಿಯ ಕಿವಿಯನ್ನು ಕಟ್ಟಿದವಳು ಹಬೀಬಾ ಎಂಬ ಎಂಜಿನಿಯರ್. ಮಂಡಿ ಮೊಹಲ್ಲಾದವಳು. ಯಾವ ಯಂತ್ರದ ಬಗ್ಗೆಯೂ ಹೆಮ್ಮೆಯಿಂದ ಮಾತಾಡುವ ಅಭ್ಯಾಸ ಅವಳಿಗಿರಲಿಲ್ಲ. ಮೇದಿನಿ ಹೇಳಿದ್ದನ್ನು ಕೇಳಿ ಅವಳು ಕುರ್ಚಿಯಲ್ಲಿ ಹಿಂದಕ್ಕೊರಗಿದಳು.

"ಉಸಿರಾ? ಅದನ್ನ ನಾವು ಕಸ ಅಂತ ಎಸೀತಾ ಇದೀವಲ್ಲ ಮೇಡಂ."

ಪೈಲಟ್ಟಿನ ಮೈಕು ತುಟಿಯಿಂದ ಎರಡು ಬೆರಳು ದೂರ. ಉಸಿರಿನ ಸದ್ದು ಅದಕ್ಕೆ ಮಾತಿನಷ್ಟೇ ಸ್ಪಷ್ಟವಾಗಿ ಬೀಳುತ್ತದೆ. ಸಂಗಾತಿಗೆ ಮಾತು ಚೆನ್ನಾಗಿ ತಿಳಿಯಲೆಂದು ಹಬೀಬಾಳೇ ಒಂದು ಜರಡಿ ಹಿಡಿದು, ಮಾತಲ್ಲದ್ದನ್ನೆಲ್ಲ ಸೋಸಿ ಹೊರಕ್ಕೆ ಹಾಕಿದ್ದಳು. ಈಗ ಹಳೆಯ ಧ್ವನಿಮುದ್ರಣಗಳನ್ನು ತೆಗೆದು, ಜರಡಿಯಿಲ್ಲದೆ ಕೇಳಿದರು. ತರಬೇತಿಯ ಕಾಕ್‌ಪಿಟ್ಟಿನಲ್ಲಿ ಪೈಲಟ್ಟಿನ ಕಣ್ಣು ಎಲ್ಲಿ ನೋಡುತ್ತಿದೆ ಎಂದು ಹಿಡಿಯುವ ಕ್ಯಾಮೆರಾ ಇತ್ತು. ಉಸಿರನ್ನೂ ಕಣ್ಣನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಪ್ರಶ್ನೆ ಮುಗಿಯುವ ಮುಂಚೆ ಉಸಿರೆಳೆದ ಉತ್ತರಗಳಲ್ಲಿ ಮುಕ್ಕಾಲು ಪಾಲಿನಲ್ಲಿ ಕಣ್ಣು ಆ ಉಪಕರಣದ ಮೇಲೆ ಬಿದ್ದೇ ಇರಲಿಲ್ಲ.

ಇನ್ನೂ ಒಂದು ತಿಳಿಯಿತು. ಮನುಷ್ಯರು ಓದಿದ ಚೆಕ್‌ಲಿಸ್ಟಿಗಿಂತ ಸಂಗಾತಿ ಓದಿದ್ದಕ್ಕೆ ಈ ಮುಂಚಿನ ಉಸಿರು ಎರಡರಷ್ಟಿತ್ತು. ಗ್ಲೆನ್ ಓದುವಾಗ ಒಮ್ಮೆ ಕೆಮ್ಮುತ್ತಿದ್ದ, ಒಮ್ಮೆ ಕಿಟಕಿ ನೋಡಿ ತಡೆಯುತ್ತಿದ್ದ, ಒಮ್ಮೊಮ್ಮೆ ಆಕಳಿಸುತ್ತಿದ್ದ. ಅವನ ಮಾತು ಎಲ್ಲಿ ನಿಲ್ಲುತ್ತದೆಂದು ಮೊದಲೇ ಗೊತ್ತಾಗುತ್ತಿರಲಿಲ್ಲ, ಆದ್ದರಿಂದ ಕೇಳಲೇಬೇಕಿತ್ತು. ಸಂಗಾತಿ ಒಂದು ಕೂದಲೆಳೆಯೂ ಆಚೀಚೆ ಆಗದಂತೆ ಓದುತ್ತಿತ್ತು. ಅದರ ಪರಿಪೂರ್ಣತೆಯೇ ಕೇಳುವವರಿಗೆ ಜೋಗುಳವಾಗಿತ್ತು. ಈ ಸುದ್ದಿ ತಿಳಿದ ಗ್ಲೆನ್, ನನ್ನ ಆಕಳಿಕೆಗೆ ಇಷ್ಟು ಬೆಲೆ ಉಂಟು ಅಂತ ಗೊತ್ತಿದ್ದರೆ ಸಂಬಳ ಜಾಸ್ತಿ ಕೇಳುತ್ತಿದ್ದೆ ಎಂದ.

ಯಂತ್ರವನ್ನು ನಂಬುವ ಮುಂಚೆ ಹಬೀಬಾಳಿಗೆ ಮನುಷ್ಯರ ಕಿವಿಯೊಂದು ಬೇಕಿತ್ತು. ರಂಗಶಾಮಯ್ಯ ಪಂಚೆ ಶಲ್ಯದಲ್ಲಿ ಪ್ರಯೋಗಾಲಯಕ್ಕೆ ಬಂದರು. ಮರಿಗೌಡರು ಕರೆಯದಿದ್ದರೂ ಬಂದರು. ಹೆಸರು ತೆಗೆದ ನಲವತ್ತು ಉತ್ತರಗಳನ್ನು ರಂಗಶಾಮಯ್ಯ ಕಣ್ಣು ಮುಚ್ಚಿ ಕೇಳಿ, ಇದು ನೋಡಿ ಹೇಳಿದ್ದು, ಇದು ಒಪ್ಪಿಸಿದ್ದು ಎಂದು ಬೇರೆ ಮಾಡಿದರು. ಕ್ಯಾಮೆರಾಕ್ಕೆ ಹೋಲಿಸಿದಾಗ ಮೂವತ್ತೆಂಟು ಸರಿ. ತಪ್ಪಿದ ಎರಡರಲ್ಲಿ ಒಂದು, ಅವತ್ತು ಮೂಗು ಕಟ್ಟಿದ್ದ ಪೈಲಟ್ಟಿನದು. ಅವನು ಬಾಯಲ್ಲಿ ಏದುಸಿರು ಬಿಡುತ್ತಿದ್ದ.

ಮೂಗು ಕಟ್ಟಿದವನ ಆ ಒಂದು ಉತ್ತರ ಮೇದಿನಿಯ ಮನಸ್ಸಿನಲ್ಲಿ ಕೂತಿತು.

ಹಬೀಬಾ ಹನ್ನೊಂದು ದಿನದಲ್ಲಿ ಹೊಸ ಸಂಗಾತಿಯನ್ನು ಕಟ್ಟಿದಳು. ಅದು ಉಸಿರನ್ನು ಕೇಳುತ್ತಿತ್ತು. ಪ್ರಾಣಕ್ಕೆ ಕುತ್ತು ತರಬಲ್ಲ ಐದು ಸಾಲುಗಳಿಗೆ ಪೈಲಟ್ ಬರೀ ಅಂಕಿಯನ್ನಲ್ಲ, ತಾನು ಕಂಡದ್ದನ್ನು, ಕೇಳಿದ್ದನ್ನು ಸ್ವಂತ ಮಾತಿನಲ್ಲಿ ಹೇಳಬೇಕು, ಯಾವ ಭಾಷೆಯಾದರೂ ಸರಿ. ಉಸಿರು ಮೊದಲೇ ಬಂದರೆ ಸಂಗಾತಿ ಮುಂದಿನ ಸಾಲಿಗೆ ಹೋಗುವುದಿಲ್ಲ. ಜಗಳವಿಲ್ಲ, ಗಂಟೆಯಿಲ್ಲ, ಆ ಸಾಲಿನಲ್ಲೇ ನಿಂತು ಕಾಯುತ್ತದೆ. ಗ್ಲೆನ್ ತರಬೇತಿಯ ಕಾಕ್‌ಪಿಟ್ಟಿನಲ್ಲಿ ಕೂತು ಎಲ್ಲವನ್ನೂ ಕೊಂಕಣಿಯಲ್ಲಿ ಹೇಳಿ ನೋಡಿದ. ಸಂಗಾತಿ ಒಪ್ಪಿತು. ಕೊಂಕಣಿಯಲ್ಲೂ ನೋಡದೆ ಹೇಳಿದಾಗ ನಿಂತಿತು.

ಎರಡು ವಾರ ತುಂಬಿದ ದಿನ ಉತ್ತಯ್ಯ ಎಲ್ಲವನ್ನೂ ನೋಡಿದರು. ಅವರು ಸುಲಭಕ್ಕೆ ಹೊಗಳುವವರಲ್ಲ, ಆದರೆ ಎದ್ದು ಬಂದು ಹಬೀಬಾಳಿಗೆ ಕೈ ಮುಗಿದರು. ಆಮೇಲೆ ಮೇದಿನಿಯ ಕಡೆ ತಿರುಗಿ, ಮುರಿದದ್ದು ಏನು ಅಂತ ತೋರಿಸಿದೆ, ಸರಿ ಮಾಡಿದ್ದೂ ಆಯಿತು, ಇನ್ನು ಆರು ಹಾರಾಟ ಮುಗಿಸಿ ಸಹಿ ಹಾಕು ಎಂದರು.

ಮೇದಿನಿ ಮೂಗು ಕಟ್ಟಿದ ಪೈಲಟ್ಟಿನ ಮಾತೆತ್ತಿದಳು. ಯಂತ್ರ ಸುಮ್ಮಸುಮ್ಮನೆ ನಿಲ್ಲುವ ದಿನಗಳೂ ಬರುತ್ತವೆ. ನೆಗಡಿ, ಕೆಮ್ಮು, ಹೆದರಿಕೆ. ಆಗ ಅದನ್ನು ಮುಂದಕ್ಕೆ ಕಳಿಸಲು ಒಂದು ಗುಂಡಿ ಬೇಕೇ ಬೇಕು. ಆ ಗುಂಡಿ ಎಲ್ಲಿರಬೇಕು? ಹಾರಿಸುವವನ ಕೈಯಲ್ಲೇ ಇದ್ದರೆ, ಉತ್ತರ ಒಪ್ಪಿಸಿದ ಹಾಗೆ ಗುಂಡಿಯನ್ನೂ ಒತ್ತಿಬಿಡುತ್ತಾನೆ. ಹತ್ತನೆಯ ದಿನಕ್ಕೆ ಅದೂ ಬಾಯಿಪಾಠ. ಅಪ್ಪ ಪದ್ಯ ಓದಿ, ಅರ್ಥವಾಯಿತು ಎಂದು ತಾವೇ ಹೇಳಿಕೊಂಡು ಮುಂದೆ ಹೋದಂತೆ. ಗುಂಡಿ ಬಲಗಡೆ ಇರಬೇಕು, ಬಲಗಡೆ ಒಬ್ಬ ಮನುಷ್ಯನಿರಬೇಕು.

ಬೀದರಿನವರಿಗೆ ನೀನು ಕಾಗದ ಬರೀತೀಯಾ ಎಂದು ಉತ್ತಯ್ಯ ಕೇಳಿದರು. ಅವರ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. ಮೇದಿನಿ ಅದಕ್ಕೂ ಯೋಚಿಸಿ ಬಂದಿದ್ದಳು. ಸಂಗಾತಿ ಓದುವ, ನೋಡುವ, ಬರೆಯುವ ಕೆಲಸ ಹೊತ್ತುಕೊಂಡರೆ ಬಲಗಡೆಯವರಿಗೆ ಎರಡು ಸಾವಿರ ಗಂಟೆಯ ಅನುಭವ ಬೇಕಿಲ್ಲ. ತರಬೇತಿ ಮುಗಿಸಿ ಕೆಲಸವಿಲ್ಲದೆ ಕೂತ ಹೊಸಬರು ರಾಜ್ಯದಲ್ಲಿ ನಾನೂರು ಜನ ಇದ್ದರು. ಅವರು ಕೂತು ಕಲಿಯಲಿ. ಬೀದರಿಗೆ ದಿನಕ್ಕೊಂದು ವಿಮಾನವಂತೂ ಹೋದೀತು.

ಉತ್ತಯ್ಯ ಮೇಜಿನ ಗಾಜಿನಡಿಯ ಕಾಗದವನ್ನು ನೋಡಿದರು.

"ಮೂವತ್ತಾರು ವರ್ಷ ಹಾರಿಸಿದ್ದೀನಿ," ಎಂದರು. "ನಾನು ನೋಡದೆ ಉತ್ತರ ಕೊಡೋದಿಲ್ಲ. ಯಂತ್ರ ನಿಲ್ಲಿಸಿದ್ರೆ ನೋಡ್ತೀನಿ, ಮುಗೀತು. ಗುಂಡಿ ಯಾಕೆ ಬೇಕು? ಶುಕ್ರವಾರ ನಾನೇ ಎಡಗಡೆ ಕೂರ್ತೀನಿ. ನೀನು ಬಲಗಡೆ. ಗುಂಡಿ ನಿನ್ನ ಹತ್ರಾನೇ ಇರ್ಲಿ. ಮಂಗಳೂರಿಗೆ ಹೋಗಿ ಬರೋದ್ರೊಳಗೆ, ಅದನ್ನ ಒತ್ತು ಅಂತ ನಾನು ಒಂದೇ ಒಂದು ಸಲ ನಿನ್ನ ಕೇಳಿದ್ರೂ ಬಲಗಡೆ ಸೀಟು ಉಳೀತು. ಕೇಳದೆ ಇದ್ರೆ ನೀನು ಸಹಿ ಹಾಕ್ಬೇಕು. ಆಗ್ಬಹುದಾ?"

ಅವಳು ಒಪ್ಪಿದಳು. ಬೇರೆ ದಾರಿ ಇರಲಿಲ್ಲ.

ಶುಕ್ರವಾರ ಆಕಾಶ ತೊಳೆದಿಟ್ಟ ಹಾಗಿತ್ತು. ಹೊರಡುವ ಮುಂಚೆ ರಂಗಶಾಮಯ್ಯ ದೇವರ ಮುಂದಿನ ಕುಂಕುಮ ತಂದು ಮಗಳ ಹಣೆಗಿಟ್ಟರು. ಗೆಲ್ಲು ಎನ್ನಲಿಲ್ಲ, ಚೆನ್ನಾಗಿ ಕೇಳಿಸಿಕೋ ಎಂದರು. ವಿಮಾನ ನಿಲ್ದಾಣದಲ್ಲಿ ಗ್ಲೆನ್ ಬಲಗಡೆಯ ಸೀಟಿನ ಬೆಲ್ಟು ಬಿಚ್ಚಿ, ಧೂಳು ಒರೆಸಿ ಇಟ್ಟಿದ್ದ. ಅಲ್ಲಿ ಕೂತಾಗ ಮೇದಿನಿಗೆ ಹದಿನೈದು ವರ್ಷದ ಹಿಂದೆ ಬಲಗಡೆ ಕೂರುತ್ತಿದ್ದ ತಾನು ನೆನಪಾದಳು. ಅವಳ ಮೊಣಕಾಲಿನ ಬಳಿ ಒಂದು ಸಣ್ಣ ಹಳದಿ ಗುಂಡಿ ಹೊಸದಾಗಿತ್ತು.

ಉತ್ತಯ್ಯ ಅದ್ಭುತವಾಗಿ ಹಾರಿಸಿದರು. ಏರುವಾಗ ಸಂಗಾತಿ ಕೇಳಿದ ಪ್ರತಿಯೊಂದಕ್ಕೂ ತಲೆ ತಿರುಗಿಸಿ, ಕಣ್ಣಿಟ್ಟು ನೋಡಿ, ಆಮೇಲೆ ಹೇಳಿದರು. ಮಂಗಳೂರಿನಲ್ಲಿ ಇಳಿಯುವಾಗಲೂ ಹಾಗೆಯೇ. "ಎತ್ತರಮಾಪಕ?" ಎಂದಾಗ, ಸಾವಿರದ ಒಂಬತ್ತನ್ನು ಮೊಟಕು ಮಾಡಿ, "ಟವರಿನವರು ಒಂಬತ್ತು ಅಂದ್ರು, ಇಲ್ಲೂ ಒಂಬತ್ತಿದೆ, ಒಪ್ಪಿದೆ" ಎಂದರು. ಸಂಗಾತಿ ತಡೆಯದೆ ಮುಂದೆ ಹೋಯಿತು. ಮಂಗಳೂರಿನಿಂದ ಏರುವಾಗಲೂ ಒಮ್ಮೆಯೂ ನಿಲ್ಲಲಿಲ್ಲ. ಮೇದಿನಿ ಗುಂಡಿಯ ಮೇಲೆ ಕೈಯಿಡದೆ, ಎರಡೂ ಕೈಗಳನ್ನು ಮಡಿಲಲ್ಲಿಟ್ಟು ಕೂತಳು. ಸಹಿ ಹಾಕುವ ಪೆನ್ನು ಅವಳ ಜೇಬಿನಲ್ಲೇ ಇತ್ತು.

ಮೈಸೂರು ಹತ್ತಿರವಾಯಿತು. ಬಿಸಿಲಿನಲ್ಲಿ ಚಾಮುಂಡಿ ಬೆಟ್ಟ ಕಂಡಿತು. ಮೂವತ್ತಾರು ವರ್ಷದಲ್ಲಿ ಅವರು ಸಾವಿರಾರು ಸಲ ಇಳಿದ ನೆಲ. ಉತ್ತಯ್ಯನವರ ಭುಜ ಸ್ವಲ್ಪ ಸಡಿಲವಾಯಿತು. ಮನೆಗೆ ಬಂದಾಗ ಎಲ್ಲರ ಭುಜವೂ ಹಾಗೆ ಸಡಿಲವಾಗುತ್ತದೆ. ಟವರು ಒತ್ತಡ ಹೇಳಿತು, ಸಾವಿರದ ಹನ್ನೊಂದು. ಅವರು ತಿರುಗಿ ಒಪ್ಪಿಸಿದರು. ಇಳಿಯಲು ಇನ್ನೂ ಎಂಟು ನಿಮಿಷವಿತ್ತು.

"ಎತ್ತರಮಾಪಕ?" ಎಂದಿತು ಸಂಗಾತಿ.

"ಟವರಿನವರು ಹನ್ನೊಂದು ಅಂದ್ರು, ಇಲ್ಲೂ ಹನ್ನೊಂದಿದೆ, ಒಪ್ಪಿದೆ."

ಮೇದಿನಿಗೆ ಕೇಳಿಸಿತು. ಪ್ರಶ್ನೆಯ ಕೊನೆಯ ಅಕ್ಷರಕ್ಕಿಂತ ಮುಂಚೆ, ತುಂಬ ಸಣ್ಣಗೆ, ಒಂದು ಉಸಿರು ಒಳಕ್ಕೆ ಹೋಗಿತ್ತು. ಅವರ ಕಣ್ಣು ಬೆಟ್ಟದ ಮೇಲಿತ್ತು. ಮಂಗಳೂರಿನಲ್ಲಿ ಸ್ವಂತವಾಗಿದ್ದ ಮಾತು ಮೈಸೂರಿಗೆ ಬರುವಷ್ಟರಲ್ಲಿ ಪಾಠವಾಗಿತ್ತು.

ಸಂಗಾತಿ ಮುಂದಿನ ಸಾಲಿಗೆ ಹೋಗಲಿಲ್ಲ. ಕಿವಿಯಲ್ಲಿ ಎಂಜಿನ್ನಿನ ಶ್ರುತಿ ಮಾತ್ರ ಉಳಿಯಿತು.

ಉತ್ತಯ್ಯ ಅದೇ ಮಾತನ್ನು ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಹೇಳಿದರು. ಸಂಗಾತಿ ಕಾಯುತ್ತಿತ್ತು. ಮೇದಿನಿ ಮಾಪಕ ನೋಡಿದಳು. ಹನ್ನೊಂದೇ ಇತ್ತು. ಅವರು ಹೇಳಿದ್ದರಲ್ಲಿ ಯಾವ ತಪ್ಪೂ ಇರಲಿಲ್ಲ. ಅವತ್ತು ಹುಬ್ಬಳ್ಳಿಯಲ್ಲಿ ತನ್ನ ಪಕ್ಕದ ಸೀಟಿನಲ್ಲಿ ಯಾರಾದರೂ ಇದ್ದಿದ್ದರೆ ಅವರ ಕೈ ಆಗ ಏನು ಮಾಡುತ್ತಿತ್ತು ಎಂದು ಒಂದು ಗಳಿಗೆ ಯೋಚಿಸಿದಳು. ಕೊಪ್ಪೆಯೊಳಗಿನ ಆ ಮುಖ ಕಣ್ಣ ಮುಂದೆ ಬಂದು ಹೋಯಿತು.

"ಸರಿಯಾಗೇ ಹೇಳಿದ್ದೀನಲ್ಲ," ಎಂದರು ಉತ್ತಯ್ಯ ಮುಂದಿನ ರನ್‌ವೇಯನ್ನೇ ನೋಡುತ್ತ. ಅವರ ಎಡಗೈ ತಮ್ಮ ಪಕ್ಕದ ಫಲಕವನ್ನು ಒಮ್ಮೆ ತಡವಿತು, ಅಲ್ಲಿ ಗುಂಡಿಯಿರಲಿಲ್ಲ. "ಮೇದಿನಿ, ಅದನ್ನ ಒತ್ತಿ ಮುಂದಕ್ಕೆ ಕಳಿಸಮ್ಮ."

"ಇಲ್ಲ ಸಾರ್," ಎಂದಳು ಮೇದಿನಿ. "ಒತ್ತೋದಿಲ್ಲ. ನೀವಿನ್ನೂ ನೋಡಿಲ್ಲ."